ಮಂಗನಿಗೆ ಬೆನ್ನು ತೋರಿಸಬಾರದು

ನಾನು ಬಿದ್ದದ್ದು ರಂಗೋಲಿ ನೋಡಲು ಹೋಗಿ. ಧನುರ್ಮಾಸದ ಒಂದು ಬೆಳಗ್ಗೆ ಸಾಗರದ ಹತ್ತಿರದ ನಮ್ಮ ಮನೆಯ ಅಂಗಳದಲ್ಲಿ ಹದಿನೈದು ಚುಕ್ಕಿಯ ರಂಗೋಲಿ ಬಿಡಿಸಿ ಮುಗಿಸಿದ್ದೆ. ಬಗ್ಗಿಕೊಂಡು ನೋಡಿದರೆ ರಂಗೋಲಿಯ ಅಂದ ತಿಳಿಯುವುದಿಲ್ಲ. ಎದ್ದು ನಿಂತು ಎರಡು ಹೆಜ್ಜೆ ಹಿಂದೆ ಸರಿದು ನೋಡಬೇಕು. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಹಾಗೇ ನೋಡಿದ್ದೇನೆ. ಆ ದಿನ ಯಾಕೋ ಮೂರನೆಯ ಹೆಜ್ಜೆಯನ್ನೂ ಇಟ್ಟೆ. ಅಲ್ಲಿ ನೆಲ ಇರಲಿಲ್ಲ, ಅಂಗಳದ ಅಂಚಿನ ಚರಂಡಿ ಇತ್ತು.

ಎಡಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್ ಹಾಕಿದರು. ಮೂಳೆ ಕೂಡಿಕೊಂಡಿತು, ಕೈ ಮೊದಲಿನಂತಾಯಿತು. ಆದರೆ ಹೆದರಿಕೆ ಮಾತ್ರ ಕೈಬಿಟ್ಟು ಕಾಲಿಗೆ ಇಳಿಯಿತು. ಬಸ್ಸಿನಲ್ಲಿ ಕಂಡಕ್ಟರ್ ‘ಸ್ವಲ್ಪ ಹಿಂದೆ ಹೋಗಿ ಅಮ್ಮ’ ಅಂದರೆ ಮೈ ಮರಗಟ್ಟುತ್ತಿತ್ತು. ದೇವರಿಗೆ ಮಂಗಳಾರತಿ ಮಾಡಿ ಹಿಂದೆ ಸರಿಯುವಾಗ ಗೋಡೆ ಹಿಡಿಯುತ್ತಿದ್ದೆ. ಅಂಗಳದ ರಂಗೋಲಿ ನಿಂತೇ ಹೋಯಿತು. ಹೊಸ್ತಿಲ ಮೇಲೆ ನಾಲ್ಕು ಗೆರೆ ಎಳೆದು ಒಳಗೆ ಬಂದುಬಿಡುತ್ತಿದ್ದೆ. ಕೇಳಿದವರಿಗೆ ‘ಮೊಣಕಾಲು ನೋವು’ ಎಂದು ಸುಳ್ಳು ಹೇಳುತ್ತಿದ್ದೆ. ನನ್ನ ವಯಸ್ಸಿನ ಓದುಗರಿಗೆ ಈ ಸುಳ್ಳಿನ ಪರಿಚಯ ಇದ್ದೇ ಇರುತ್ತದೆ.

ಆಗ ಸಿಂಗಪುರದಲ್ಲಿರುವ ಮಗಳು, “ಅಮ್ಮಾ, ನೀನು ಇಲ್ಲಿಗೆ ಬಾ. ಮೂರು ತಿಂಗಳು ಇದ್ದು ಹೋಗು” ಅಂದಳು. ಹೋದೆ. ಒಂಬತ್ತು ವರ್ಷದ ಮೊಮ್ಮಗ ವಿಮಾನ ನಿಲ್ದಾಣದಲ್ಲಿ ಓಡಿಬಂದು ಅಪ್ಪಿಕೊಳ್ಳಲು ಹೊರಟ. ಅವನ ಅಮ್ಮ ಅವನ ಅಂಗಿ ಹಿಡಿದು ನಿಲ್ಲಿಸಿದಳು. “ಮೆಲ್ಲಗೆ ಕಣೋ, ಅಮ್ಮಮ್ಮ ಬೀಳ್ತಾಳೆ.” ಚರಂಡಿಯಲ್ಲಿ ಬಿದ್ದಾಗಲೂ ಆಗದಷ್ಟು ನೋವು ಆ ಮಾತಿನಿಂದ ಆಯಿತು.

ಅಲ್ಲಿಯ ಬಹುತೇಕ ಸರ್ಕಾರಿ ವಸತಿ ಕಟ್ಟಡಗಳಲ್ಲಿ ನೆಲ ಅಂತಸ್ತಿನಲ್ಲಿ ಮನೆಗಳಿರುವುದಿಲ್ಲ. ಕಂಬಗಳ ನಡುವೆ ದೊಡ್ಡ ಜಗಲಿಯಂತೆ ತೆರೆದ ಜಾಗ ಬಿಟ್ಟಿರುತ್ತಾರೆ. ಅದನ್ನು ವಾಯ್ಡ್ ಡೆಕ್ ಅನ್ನುತ್ತಾರೆ. ಮದುವೆ, ಸಾವು, ಮಕ್ಕಳ ಆಟ, ಮುದುಕರ ಹರಟೆ ಎಲ್ಲಕ್ಕೂ ಅದೇ ಜಾಗ. ಸಿಂಗಪುರದಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆಯ ಹೊತ್ತಿಗೆ. ಮೊಮ್ಮಗನ ಶಾಲೆಯ ಬಸ್ಸು ಕತ್ತಲಿರುವಾಗಲೇ ಬರುತ್ತದೆ. ಅವನನ್ನು ಹತ್ತಿಸಿ ತಿರುಗಿದರೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹತ್ತು ಹನ್ನೆರಡು ಮಂದಿ ಹಿರಿಯರು ನೀರಿನೊಳಗೆ ನಡೆಯುವವರ ಹಾಗೆ ನಿಧಾನವಾಗಿ ಕೈಕಾಲು ಆಡಿಸುತ್ತಿದ್ದರು. ಅದೇ ತೈ ಚಿ. ನಾನು ಒಂದು ವಾರ ಕಂಬಕ್ಕೆ ಒರಗಿ ನೋಡಿದೆ. ಎಂಟನೆಯ ದಿನ, ಎಲ್ಲರ ಮುಂದೆ ನಿಂತು ಹೇಳಿಕೊಡುತ್ತಿದ್ದ ಬೆಳ್ಳಿಕೂದಲಿನ ಹೆಂಗಸು ನನ್ನ ಹತ್ತಿರ ಬಂದು ಕೈಸನ್ನೆ ಮಾಡಿ ಕರೆದರು.

ಅವರಿಗೆ ಎಪ್ಪತ್ತೆಂಟು ವರ್ಷ. ಅಲ್ಲಿ ಹಿರಿಯ ಹೆಂಗಸರನ್ನೆಲ್ಲ ‘ಆಂಟಿ’ ಅನ್ನುವುದು ವಾಡಿಕೆ. ನಾನೂ ಹಾಗೇ ಕರೆದೆ. ಅವರಿಗೆ ಬರುವುದು ಚೀನೀ ಭಾಷೆ, ನನಗೆ ಬರುವುದು ಕನ್ನಡ. ನಮ್ಮಿಬ್ಬರ ನಡುವೆ ಇದ್ದ ಇಂಗ್ಲಿಷ್ ‘ಸ್ಲೋ, ಸ್ಲೋ’, ‘ಗುಡ್’, ‘ನೋ ಗುಡ್’ ಇಷ್ಟೇ. ಇದರಲ್ಲಿ ಪಾಠ ಹೇಗೆ ನಡೆದೀತು ಎಂದು ಅಳಿಯಂದಿರು ನಕ್ಕರು. ಪ್ರಾಣಿಗಳಿಂದ ನಡೆಯಿತು!

ಮೊದಲ ದಿನ ಆಂಟಿ ಕೆನ್ನೆ ಉಬ್ಬಿಸಿ, ಭುಜ ಇಳಿಬಿಟ್ಟು, ಧಡ್ ಧಡ್ ಎಂದು ಮೈಯ ಭಾರವನ್ನೆಲ್ಲ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹಾಕುತ್ತ ನಡೆದು ತೋರಿಸಿದರು. “ಕರಡಿ!” ಅಂದೆ. “ಶ್ಯೋಂಗ್” ಅಂದರು ಅವರು. ನಾನೂ ಕರಡಿಯಾದೆ. ಮಾರನೆಯ ದಿನ ಎರಡು ಬೆರಳು ಮಡಿಸಿ ಕೋಡು ಮಾಡಿಕೊಂಡು, ಸೊಂಟ ತಿರುಗಿಸಿ ಹಿಂದಿನ ಹಿಮ್ಮಡಿ ನೋಡಿದರು. ಅದು ಜಿಂಕೆ. ಆಮೇಲೆ ಉಗುರು ಚಾಚಿದ ಹುಲಿ, ಭುಜ ಕಿವಿಗೆ ತಾಗುವಷ್ಟು ಎತ್ತಿ ತುದಿಗಾಲಲ್ಲಿ ನಿಂತು ಅತ್ತಿತ್ತ ಕಣ್ಣು ಹೊರಳಿಸುವ ಮಂಗ, ರೆಕ್ಕೆ ಬಿಚ್ಚುವ ಹಕ್ಕಿ. ದಿನಾ ತೈ ಚಿಗೆ ಮೊದಲು ಈ ಐದು ಪ್ರಾಣಿಗಳಿಂದ ಮೈ ಸಡಿಲ ಮಾಡಿಕೊಳ್ಳುವುದು ಅವರ ಪದ್ಧತಿ.

ಮೊಮ್ಮಗ ಗ್ರಂಥಾಲಯದಿಂದ ಪುಸ್ತಕ ತಂದು ಇದರ ಕಥೆ ಓದಿ ಹೇಳಿದ. ಈ ಐದು ಪ್ರಾಣಿಗಳ ಆಟ ತೈ ಚಿಗಿಂತ ಬಹಳ ಹಳೆಯದಂತೆ. ಸುಮಾರು 1800 ವರ್ಷಗಳ ಹಿಂದೆ ಚೀನಾದಲ್ಲಿ ಹುವಾ ತುವೊ ಎಂಬ ಪ್ರಸಿದ್ಧ ವೈದ್ಯನಿದ್ದ. ಓಡಾಡುವ ಮೈಗೆ ರೋಗ ಅಂಟುವುದಿಲ್ಲ, ದಿನಾ ತೆರೆದು ಮುಚ್ಚುವ ಬಾಗಿಲಿನ ತಿರುಗುಗೂಟ ಕೊಳೆಯುತ್ತದೆಯೇ ಎಂದು ಅವನು ಶಿಷ್ಯನನ್ನು ಕೇಳಿದನಂತೆ. ಮೈ ಸರಿಯಿಲ್ಲ ಅನ್ನಿಸಿದಾಗ ಎದ್ದು ಒಂದು ಪ್ರಾಣಿಯ ಆಟ ಆಡಬೇಕು, ಬೆವರು ಬಂದರೆ ಸಾಕು ಎನ್ನುವುದು ಅವನ ಸಲಹೆ. ವೂ ಪು ಎಂಬ ಶಿಷ್ಯ ಅದನ್ನು ಬಿಡದೆ ಮಾಡಿ ತೊಂಬತ್ತು ದಾಟಿ ಬದುಕಿದ, ಆಗಲೂ ಅವನ ಕಣ್ಣು ಕಿವಿ ಚುರುಕಾಗಿದ್ದವು, ಹಲ್ಲುಗಳು ಗಟ್ಟಿಯಾಗಿದ್ದವು ಎಂದು ಚೀನಾದ ಹಳೆಯ ಇತಿಹಾಸ ಗ್ರಂಥದಲ್ಲೇ ಬರೆದಿದೆ.

“ಅಮ್ಮಮ್ಮ, ನಿಂಗೆ ಎಷ್ಟು ಹಲ್ಲಿದೆ?” ಎಂದು ಕೇಳಿದ. ನಾನು ಮಾತು ಬದಲಿಸಿದೆ.

ಹುವಾ ತುವೊಗಿಂತಲೂ ಹಿಂದಿನ ಸಾಕ್ಷಿ ಇದೆ. 1973ರಲ್ಲಿ ಹುನಾನ್ ಪ್ರಾಂತದ ಚಾಂಗ್ಶಾ ನಗರದ ಬಳಿ ಮಾವಾಂಗ್‌ದುಯಿ ಎಂಬಲ್ಲಿ ಒಂದು ಸಮಾಧಿಯನ್ನು ಅಗೆದಾಗ ರೇಷ್ಮೆ ಬಟ್ಟೆಯ ಮೇಲೆ ಬಿಡಿಸಿದ ಚಿತ್ರ ಸಿಕ್ಕಿತು. ಅದರಲ್ಲಿ 44 ಮಂದಿ, ಗಂಡಸರೂ ಹೆಂಗಸರೂ, ಎಳಬರೂ ಮುದುಕರೂ, ವ್ಯಾಯಾಮ ಮಾಡುತ್ತಿದ್ದಾರೆ. ಕೆಲವು ಚಿತ್ರಗಳ ಪಕ್ಕದಲ್ಲಿ ಕರಡಿ, ಮಂಗ ಮೊದಲಾದ ಪ್ರಾಣಿಗಳ ಹೆಸರಿವೆ. ಆ ಸಮಾಧಿ ಮುಚ್ಚಿದ್ದು ಕ್ರಿಸ್ತಪೂರ್ವ 168ರಲ್ಲಿ. ಅಂದರೆ ಸುಮಾರು 2200 ವರ್ಷಗಳ ಹಿಂದೆಯೂ ಯಾವಳೋ ಒಬ್ಬಳು ಅಜ್ಜಿ ಹೀಗೇ ಕರಡಿಯಾಗಿ ಓಲಾಡುತ್ತಿದ್ದಿರಬೇಕು. ಅದನ್ನು ಯೋಚಿಸಿದ ಮೇಲೆ ವಾಯ್ಡ್ ಡೆಕ್‌ನಲ್ಲಿ ನನಗೆ ನಾಚಿಕೆಯಾಗುವುದು ಕಡಿಮೆಯಾಯಿತು.

ತೈ ಚಿ ಇವುಗಳ ಮುಂದೆ ಕೂಸು. ಹೆನಾನ್ ಪ್ರಾಂತದ ಒಂದು ಹಳ್ಳಿಯಲ್ಲಿ 17ನೆಯ ಶತಮಾನದಲ್ಲಿ ಬೆಳೆದ ಕಾಳಗದ ಕಲೆ ಅದು. ಈಗ ಉದ್ಯಾನಗಳಲ್ಲಿ ಎಲ್ಲರೂ ಮಾಡುವ 24 ಭಂಗಿಗಳ ಸರಳ ರೂಪವನ್ನು ಚೀನಾ ಸರ್ಕಾರದ ಕ್ರೀಡಾ ಇಲಾಖೆ ಜನಸಾಮಾನ್ಯರಿಗಾಗಿ 1956ರಲ್ಲಿ ಹೊರತಂದಿತು. ಅದರಲ್ಲಿಯೂ ಪ್ರಾಣಿಗಳೇ. ಕಾಡುಕುದುರೆಯ ಜೂಲು ಬಿಡಿಸುವುದು, ಬಿಳಿ ಕೊಕ್ಕರೆ ರೆಕ್ಕೆ ತೆರೆಯುವುದು, ಗುಬ್ಬಿಯ ಬಾಲ ಹಿಡಿಯುವುದು, ಮಂಗನನ್ನು ಹಿಮ್ಮೆಟ್ಟಿಸುವುದು.

ಕೊಕ್ಕರೆಯ ಪಾಠದ ದಿನ ಶನಿವಾರ. ಮೊಮ್ಮಗನೂ ಬಂದಿದ್ದ. ಆಂಟಿ ಇಂಗ್ಲಿಷಿನಲ್ಲಿ “ಕ್ರೇನ್, ಕ್ರೇನ್” ಅಂದರು. ಮೊಮ್ಮಗ ಎದುರಿಗೆ ಕಟ್ಟುತ್ತಿದ್ದ ಹೊಸ ಕಟ್ಟಡದ ಮೇಲಿನ ಕ್ರೇನ್ ನೋಡಿ, ಒಂದು ಕೈ ಉದ್ದಕ್ಕೆ ಚಾಚಿ ‘ಟೀಂ ಟೀಂ’ ಎಂದು ಗಿರ್ರನೆ ತಿರುಗಿದ. ಆಂಟಿ ನಕ್ಕು ನಕ್ಕು ಕುರ್ಚಿಯಲ್ಲಿ ಕೂತುಬಿಟ್ಟರು. ನನಗೆ ನಗು ಬಂದರೂ ಅರ್ಥವಾಯಿತು. ನಮ್ಮ ಗದ್ದೆಯಲ್ಲಿ ಬೆಳ್ಳಕ್ಕಿ ನಿಲ್ಲುವುದನ್ನು ನಾನು ಎಷ್ಟು ಸಲ ನೋಡಿಲ್ಲ! ಕೆಸರಿನಲ್ಲಿ ಒಂದು ಕಾಲಿನ ಮೇಲೆ ಪೂರ್ತಿ ಭಾರ ಹಾಕಿ, ಇನ್ನೊಂದು ಕಾಲನ್ನು ನೀರಿಗೆ ಸುಮ್ಮನೆ ತಾಗಿಸಿ, ಕತ್ತು ನೆಟ್ಟಗೆ ಮಾಡಿ ನಿಂತಿರುತ್ತದೆ. ತೈ ಚಿಯ ಕೊಕ್ಕರೆಯೂ ಹಾಗೇ. ಒಂದು ಕೈ ಮೇಲೆ, ಒಂದು ಕೈ ಕೆಳಗೆ, ಭಾರ ಹಿಂಗಾಲಿನ ಮೇಲೆ. ಮುಂಗಾಲಿನ ಬೆರಳು ಮಾತ್ರ ನೆಲಕ್ಕೆ ತಾಗಿರುತ್ತದೆ. (ಹಕ್ಕಿಯ ಕಾಲು ಮಂಡಿಯಲ್ಲಿ ಹಿಂದಕ್ಕೆ ಮಡಚುತ್ತದೆ ಎಂದು ನಾನು ಅರವತ್ತು ವರ್ಷ ತಿಳಿದಿದ್ದೆ. ಅದು ಮಂಡಿಯಲ್ಲ, ಹಿಮ್ಮಡಿಯ ಕೀಲು, ನಿಜವಾದ ಮಂಡಿ ಮೇಲೆ ಗರಿಯೊಳಗೆ ಅಡಗಿರುತ್ತದೆ ಎಂದು ತಿದ್ದಿದವನೂ ಮೊಮ್ಮಗನೇ.)

ಹೆಸರುಗಳು ಚಂದಕ್ಕೆ ಇಟ್ಟವಲ್ಲ ಎಂದು ನನಗೆ ಅಂದೇ ಅನ್ನಿಸಿತು. ‘ಎಂಬತ್ತು ಪಾಲು ಭಾರ ಹಿಂದೆ, ಇಪ್ಪತ್ತು ಪಾಲು ಮುಂದೆ, ಬೆನ್ನು ನೇರ, ಕತ್ತು ಸಡಿಲ’ ಎಂದು ಯಾರಾದರೂ ಹೇಳಿದ್ದರೆ ನಾನು ಲೆಕ್ಕ ಹಾಕುತ್ತ ಬೀಳುತ್ತಿದ್ದೆ. ‘ಬೆಳ್ಳಕ್ಕಿ’ ಎಂದರೆ ಮೈಗೇ ತಿಳಿಯುತ್ತದೆ. ನಮ್ಮ ಯೋಗದಲ್ಲೂ ಭುಜಂಗಾಸನ, ಮಯೂರಾಸನ, ಬಕಾಸನ ಇವೆಯಲ್ಲ. ಆದರೆ ಅಲ್ಲಿ ಹಾವಾದರೆ ಹಾವಾಗಿ ಒಂದಷ್ಟು ಹೊತ್ತು ಹಾಗೇ ಇರಬೇಕು. ಇಲ್ಲಿ ಕೊಕ್ಕರೆ ರೆಕ್ಕೆ ಬಿಚ್ಚಿ ಮುಗಿಯುವಷ್ಟರಲ್ಲಿ ಮುಂದಿನ ಹೆಜ್ಜೆ ಶುರುವಾಗಿರುತ್ತದೆ.

ಹೆಜ್ಜೆ ಇಡುವುದನ್ನು ಕಲಿಸಿದ್ದು ಬೆಕ್ಕು. ವಾಯ್ಡ್ ಡೆಕ್‌ನಲ್ಲಿ ಎಲ್ಲರೂ ಅನ್ನ ಹಾಕಿ ಸಾಕಿದ ಒಂದು ಹಳದಿ ಬೆಕ್ಕಿತ್ತು. ಆಂಟಿ ಅದನ್ನು ತೋರಿಸಿ “ಮಾವ್” ಅಂದರು. ಚೀನೀ ಭಾಷೆಯಲ್ಲಿ ಬೆಕ್ಕಿಗೆ ಅದೇ ಹೆಸರು. ಮೊಮ್ಮಗ ಅಂದಿನಿಂದ ಅದನ್ನು “ಮಾವ, ಊಟ ಆಯ್ತಾ?” ಎಂದೇ ಮಾತಾಡಿಸತೊಡಗಿದ. ತೈ ಚಿಯಲ್ಲಿ ಬೆಕ್ಕಿನಂತೆ ನಡೆಯಬೇಕು ಎನ್ನುವುದು ಹಳೆಯ ಮಾತು. ಬೆಕ್ಕು ಮೊದಲು ಖಾಲಿ ಪಾದ ಇಡುತ್ತದೆ. ನೆಲ ಗಟ್ಟಿ ಇದೆ ಎಂದು ಗೊತ್ತಾದ ಮೇಲೆ ಕೊಡದಿಂದ ನೀರು ಬಗ್ಗಿಸಿದ ಹಾಗೆ ಭಾರವನ್ನು ಅದಕ್ಕೆ ಸುರಿಯುತ್ತದೆ. ಗಟ್ಟಿ ಇಲ್ಲವಾದರೆ ಪಾದ ಹಿಂದಕ್ಕೆ ತೆಗೆದುಕೊಳ್ಳುತ್ತದೆ.

ಮಕ್ಕಳೇ, ನೀವೂ ಇದನ್ನು ಮಾಡಿ ನೋಡಿ. ಮನೆಯ ಹಜಾರದಲ್ಲಿ ಎಂದಿನಂತೆ ನಡೆಯುತ್ತಿರಿ. ಯಾರಾದರೂ ‘ನಿಲ್ಲು’ ಎಂದು ಕೂಗಲಿ. ಗಾಳಿಯಲ್ಲಿರುವ ಕಾಲನ್ನು ಮುಂದೆ ಇಡದೆ ಹಿಂದಕ್ಕೆ ತರಲು ಆಗುತ್ತದೆಯೇ? ಬಹಳ ಸಲ ಆಗುವುದಿಲ್ಲ. ನಾವು ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಮುಂದಕ್ಕೆ ಬೀಳುತ್ತಲೇ ಇರುತ್ತೇವೆ, ಕಾಲು ಬಂದು ಹಿಡಿಯುತ್ತದೆ. ಈಗ ಬೆಕ್ಕಿನ ಹಾಗೆ, ಮಂಡಿ ತುಸು ಬಗ್ಗಿಸಿ, ಖಾಲಿ ಕಾಲು ಮುಂದಿಟ್ಟು, ಆಮೇಲೆ ಭಾರ ಕಳಿಸಿ. ಯಾವ ಕ್ಷಣದಲ್ಲಿ ಕೂಗಿದರೂ ನಿಲ್ಲಬಹುದು. ಅಜ್ಜ ಅಜ್ಜಿಯರು ಮಾಡುವುದಾದರೆ ಪಕ್ಕದಲ್ಲಿ ಗೋಡೆಯೋ ಕುರ್ಚಿಯೋ ಇರಲಿ, ಡಾಕ್ಟರನ್ನು ಒಂದು ಮಾತು ಕೇಳಿರಲಿ. ನಾನು ಕೇಳಿಯೇ ಮಾಡಿದ್ದು.

ಗುಬ್ಬಿಯ ಬಾಲದ ಬಗ್ಗೆ ಒಂದು ಕಥೆ ಇದೆ, ಚಿಕ್ಕದು. ಯಾಂಗ್ ಮನೆತನದ ಒಬ್ಬ ತೈ ಚಿ ಗುರು ಅಂಗೈ ಮೇಲೆ ಗುಬ್ಬಿಯನ್ನು ಕೂರಿಸಿಕೊಂಡರೆ ಅದಕ್ಕೆ ಹಾರಲು ಆಗುತ್ತಿರಲಿಲ್ಲವಂತೆ. ಕಟ್ಟಿಹಾಕಿರಲಿಲ್ಲ, ಹಿಡಿದಿರಲಿಲ್ಲ. ಹಾರಬೇಕಾದರೆ ಹಕ್ಕಿ ಕಾಲಿನಿಂದ ಒಮ್ಮೆ ಒತ್ತಿ ಚಿಮ್ಮಬೇಕು. ಅದು ಒತ್ತಿದೊಡನೆ ಗುರುವಿನ ಕೈ ಅಷ್ಟೇ ಕೆಳಗೆ ಇಳಿಯುತ್ತಿತ್ತು, ಚಿಮ್ಮಲು ಗಟ್ಟಿ ನೆಲವೇ ಸಿಗುತ್ತಿರಲಿಲ್ಲ. ನಡೆದದ್ದೋ ಕಟ್ಟಿದ್ದೋ, ಚರಂಡಿಗೆ ಬಿದ್ದವಳಿಗೆ ಆ ಗುಬ್ಬಿಯ ಪಾಡು ಚೆನ್ನಾಗಿ ಅರ್ಥವಾಯಿತು.

ಇಷ್ಟೆಲ್ಲ ಕಲಿತರೂ ನಾನು ಒಂದನ್ನು ಮಾತ್ರ ಮಾಡುತ್ತಿರಲಿಲ್ಲ. ‘ಮಂಗನನ್ನು ಹಿಮ್ಮೆಟ್ಟಿಸುವುದು’ ಬಂದಾಗ ಸಾಲಿನಿಂದ ಹೊರಬಂದು ಕಂಬ ಹಿಡಿದು ನಿಲ್ಲುತ್ತಿದ್ದೆ. ಏಕೆಂದರೆ ಅದರಲ್ಲಿ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಯಬೇಕು. ಹಿಂದೆ ನೋಡುವಂತಿಲ್ಲ. ಆಂಟಿ ಒಂದು ತಿಂಗಳು ಏನೂ ಹೇಳಲಿಲ್ಲ. ‘ಕಮ್, ಕಮ್’ ಎಂದು ಎಳೆಯಲೂ ಇಲ್ಲ.

ಒಂದು ದಿನ ಎಲ್ಲರೂ ಹೋದ ಮೇಲೆ ಅವರು ನನ್ನ ಬುಟ್ಟಿಯಲ್ಲಿದ್ದ ಬಾಳೆಹಣ್ಣು ತೆಗೆದು ನನ್ನ ಎಡಗೈಗೆ ಕೊಟ್ಟರು. ತಾವು ಮಂಗನಾದರು. ಭುಜ ಎತ್ತಿ, ಕಣ್ಣು ಪಿಳಿಪಿಳಿ ಮಾಡುತ್ತ, ಹಣ್ಣಿಗೆ ಕೈ ಚಾಚಿ ಹತ್ತಿರ ಬಂದರು. ನನಗೆ ನಗು ತಡೆಯಲಾಗಲಿಲ್ಲ. ಜೊತೆಗೆ ಎಲ್ಲಿಂದಲೋ ನಮ್ಮತ್ತೆಯವರ ಧ್ವನಿ ಕೇಳಿದ ಹಾಗಾಯಿತು: “ಮಂಗಂಗೆ ಬೆನ್ನು ತೋರಿಸ್ಬಾರ್ದು ಕಣೇ!”

ನಮ್ಮದು ಅಡಿಕೆ ತೋಟ, ನಡುನಡುವೆ ಬಾಳೆ. ಮಲೆನಾಡಿನಲ್ಲಿ ತೋಟ ಅಂದ ಮೇಲೆ ಮಂಗಗಳಿಗೂ ಪಾಲು ಇದ್ದೇ ಇದೆ. ಮದುವೆಯಾಗಿ ಬಂದ ಹೊಸತರಲ್ಲಿ ಬಾಳೆಗೊನೆಯ ಬುಟ್ಟಿ ಹೊತ್ತು ಬರುವಾಗ ಒಂದು ದೊಡ್ಡ ಗಂಡು ಮಂಗ ಅಡ್ಡ ಬಂತು. ನಾನು ಕಿರುಚಿ ಓಡಿದೆ, ಅದು ಸೆರಗು ಹಿಡಿಯಿತು. ಆಮೇಲೆ ಅತ್ತೆಯವರು ಕಲಿಸಿದರು. ಓಡಬೇಡ. ತಿರುಗಬೇಡ. ಒಂದು ಕೈ ಮುಂದೆ ಮಾಡು. ಕಾಲ್ಬೆರಳಿನಿಂದ ಹಿಂದಿನ ನೆಲ ತಡವಿ ನೋಡು, ಆಮೇಲೆ ಕಾಲೂರು. ತೋಟದ ಕಾಲುವೆ ಎಲ್ಲಿದೆ, ಬೇರು ಎಲ್ಲಿದೆ ಎಂದು ಬೆರಳಿಗೆ ಗೊತ್ತಾಗಲಿ.

ನಾನು ಆಂಟಿಯ ಮುಂದೆ ಬಲಗೈ ಚಾಚಿದೆ. ಎಡಗಾಲಿನ ಬೆರಳನ್ನು ಹಿಂದಕ್ಕೆ ಕಳಿಸಿ ನೆಲ ತಡವಿದೆ. ಬೆರಳು, ಆಮೇಲೆ ಅಂಗಾಲು, ಆಮೇಲೆ ಹಿಮ್ಮಡಿ. ಭಾರ ಕೊನೆಗೆ. ಬಾಳೆಹಣ್ಣಿನ ಕೈಯನ್ನು ಸೊಂಟಕ್ಕೆ ಎಳೆದುಕೊಂಡೆ. ಒಂದು ಹೆಜ್ಜೆ. ಇನ್ನೊಂದು. ನಾಲ್ಕನೆಯದಕ್ಕೆ ಆಂಟಿ ಮಂಗನ ವೇಷ ಬಿಟ್ಟು ನೆಟ್ಟಗೆ ನಿಂತರು. “ಗುಡ್” ಅಂದರು. ನೋಡಿದರೆ ನಾನು ಮಾಡಿದ್ದು ಅದೇ ಭಂಗಿ! ಒಂದು ಕೈ ಮುಂದೆ ತಳ್ಳುತ್ತ, ಇನ್ನೊಂದು ಕೈ ಸೊಂಟಕ್ಕೆ ಎಳೆಯುತ್ತ, ಬೆರಳೂರಿ ಹಿಂದೆ ಸರಿಯುವುದು. ಕಣ್ಣು ಮಂಗನ ಮೇಲೆ.

ಆಗ ನನಗೆ ನಾನು ಬಿದ್ದದ್ದು ಏಕೆ ಎಂದು ತಿಳಿಯಿತು. ವಯಸ್ಸಾಯಿತು ಎಂದು ಬಿದ್ದದ್ದಲ್ಲ. ರಂಗೋಲಿಯ ಚಂದಕ್ಕೆ ಮೈಮರೆತು ಭಾರವನ್ನು ಮೊದಲು ಹಿಂದಕ್ಕೆ ಕಳಿಸಿದ್ದೆ, ಕಾಲು ಆಮೇಲೆ ಹೋಗಿತ್ತು. ಮನೆಗೆ ಬಂದು ಮಗಳಿಗೆ ಹೇಳಿದೆ. “ಇಷ್ಟು ಸಣ್ಣ ವಿಷಯಾನಾ ಅಮ್ಮ?” ಅಂದಳು. ಸಣ್ಣದೇ.

ಹೊರಡುವ ವಾರದ ಭಾನುವಾರ ಎಲ್ಲರೂ ಮೆಕ್‌ರಿಚಿ ಜಲಾಶಯದ ಕಾಡಿಗೆ ಹೋಗಿದ್ದೆವು. ಅಲ್ಲಿ ಉದ್ದ ಬಾಲದ ಮಂಗಗಳಿವೆ. ಅವಕ್ಕೆ ತಿನ್ನಲು ಕೊಟ್ಟರೆ ದಂಡ. ಪ್ಲಾಸ್ಟಿಕ್ ಚೀಲ ಕಂಡರೆ ತಿಂಡಿ ಎಂದೇ ಅವುಗಳ ಲೆಕ್ಕ. ಮಗಳು ಅಳಿಯ ಹಿಂದೆ ಎಲ್ಲೋ ಫೋಟೊ ತೆಗೆಯುತ್ತಿದ್ದರು. ಮೊಮ್ಮಗನ ಕೈಯಲ್ಲಿ ಚಿಪ್ಸ್ ಇದ್ದ ಚೀಲ. ಒಂದು ಮಂಗ ಮರದಿಂದ ಇಳಿದು ನೇರ ಅವನತ್ತ ಬಂತು. ಹುಡುಗ ಬೆಳ್ಳಗಾಗಿಹೋದ.

“ಓಡ್ಬೇಡ. ಚೀಲ ಅಂಗಿ ಒಳಗೆ ಹಾಕ್ಕೋ. ನನ್ನ ಹಿಂದೆ ಬಾ” ಅಂದೆ. ಅವನು ನನ್ನ ಸೀರೆ ಹಿಡಿದು ಹಿಂದೆ ನಿಂತ. ನಾನು ಕೈ ಮುಂದೆ ಮಾಡಿ ಹಿಂದಕ್ಕೆ ಸರಿಯತೊಡಗಿದೆ. ಬೆರಳು, ಅಂಗಾಲು, ಹಿಮ್ಮಡಿ. ದಾರಿಯಲ್ಲಿ ಬೇರುಗಳಿದ್ದವು, ಬೆರಳಿಗೆ ಸಿಕ್ಕವು. ಆರೇಳು ಹೆಜ್ಜೆಯಾಗಿರಬೇಕು. ನೋಡಿದವರಿಗೆ ಬಹಳ ಗಂಭೀರವಾಗಿ ಕಂಡಿತೇನೋ ಗೊತ್ತಿಲ್ಲ, ನಡುವೆ ನನ್ನ ಒಂದು ಚಪ್ಪಲಿ ಕಳಚಿ ದಾರಿಯಲ್ಲೇ ಉಳಿದಿತ್ತು. ಮಂಗ ಚಪ್ಪಲಿಯನ್ನು ಮೂಸಿ ನೋಡಿತು, ಬೇಡವೆನಿಸಿ ಅಲ್ಲೇ ಕೂತು ಕಂಕುಳು ಕೆರೆದುಕೊಂಡಿತು. ಅಷ್ಟರಲ್ಲಿ ನನ್ನ ಬೆನ್ನು ಅಳಿಯನಿಗೆ ತಾಗಿತು.

“ಅತ್ತೆ, ನೀವು ಹಿಂದಕ್ಕೆ ನಡೀತಿದ್ರಿ!” ಅಂದರು ಅವರು.

ಮೊಮ್ಮಗ ಮನೆಗೆ ಬರುವವರೆಗೂ ನನ್ನ ಕೈ ಹಿಡಿದೇ ಇದ್ದ. ನಾನು ಬೀಳುತ್ತೇನೆಂದು ಹಿಡಿದದ್ದಲ್ಲ, ಅವನಿಗೇ ಇನ್ನೂ ಹೆದರಿಕೆ ಹೋಗಿರಲಿಲ್ಲ. ಅಷ್ಟು ಸಾಕಾಗಿತ್ತು ನನಗೆ.

ಎಲ್ಲವನ್ನೂ ಕಲಿತು ಬಂದೆ ಅಂದುಕೊಳ್ಳಬೇಡಿ. ಬಂಗಾರದ ಹುಂಜ ಒಂಟಿ ಕಾಲಲ್ಲಿ ನಿಲ್ಲುವ ಭಂಗಿ ನನಗೆ ಇಂದಿಗೂ ಮೂರು ಎಣಿಸುವವರೆಗೆ ಮಾತ್ರ. ನೆಲಕ್ಕೆ ಕೂತು ಹಾವಿನಂತೆ ಹರಿಯುವುದನ್ನು ಮುಟ್ಟಲೇ ಇಲ್ಲ. ಆಂಟಿಯೂ ಅದನ್ನು ಬಿಟ್ಟು ಹತ್ತು ವರ್ಷವಾಯಿತಂತೆ. ಹೊರಡುವ ದಿನ ಅವರಿಗೆ ಒಂದು ಚೀಲ ಒಣಗಿಸಿದ ಬಾಳೆಹಣ್ಣು ಕೊಟ್ಟೆ. ಅವರು ಭುಜ ಎತ್ತಿ ಕಣ್ಣು ಪಿಳಿಪಿಳಿ ಮಾಡಿ ಅದನ್ನು ಕಸಿದುಕೊಂಡರು. ನಾನು ಕೈ ಮುಂದೆ ಮಾಡಿ ಹಿಂದೆ ಹಿಂದೆ ಸರಿಯುತ್ತ ಲಿಫ್ಟಿನವರೆಗೂ ಹೋದೆ. ಇಬ್ಬರಿಗೂ ಬೇರೆ ವಿದಾಯದ ಮಾತು ಗೊತ್ತಿರಲಿಲ್ಲ.

ಈಗ ಮತ್ತೆ ಸಾಗರದಲ್ಲಿದ್ದೇನೆ. ಬೆಳಗ್ಗೆ ಅಂಗಳ ಸಾರಿಸಿ, ಕರಡಿ, ಜಿಂಕೆ ಎಲ್ಲ ಮುಗಿಸಿ, ರಂಗೋಲಿ ಬಟ್ಟಲು ತರುತ್ತೇನೆ. ಮೊನ್ನೆ ಮತ್ತೆ ಹದಿನೈದು ಚುಕ್ಕಿಯದನ್ನೇ ಬಿಡಿಸಿದೆ. ಎದ್ದು ನಿಂತು ಬೆರಳೂರಿ ಒಂದು ಹೆಜ್ಜೆ, ಎರಡು ಹೆಜ್ಜೆ ಹಿಂದೆ ಸರಿದೆ. ಬೆರಳಿಗೆ ಚರಂಡಿಯ ಅಂಚಿನ ಕಲ್ಲು ತಣ್ಣಗೆ ತಾಗಿತು. ಅಲ್ಲೇ ನಿಂತು ನೋಡಿದೆ. ಎಡಗಡೆಯ ಮೂಲೆಯಲ್ಲಿ ಒಂದು ಎಳೆ ತಪ್ಪಿತ್ತು. ಮುಂದೆ ಹೋಗಿ ಅಳಿಸಿ ಸರಿಮಾಡಿದೆ, ಮತ್ತೆ ಹಿಂದೆ ಬಂದೆ.